ಮನೆಯ ಕಂಪ್ಯೂಟರಿಗೆ ಕಾವಲು: ಒಂದು ಆಯ್ಕೆಯ ಹಿಂದಿನ ಚರಿತ್ರೆ

ಗಣಕಯಂತ್ರವನ್ನು ಕುರಿತ ಚರ್ಚಾ ಕಾರ್ಯಕ್ರಮ ಯಾವುದೇ ಇರಲಿ, ವೀಕ್ಷಕರಿಂದ ಬರುವ ಪ್ರಶ್ನೆಗಳಲ್ಲಿ ಒಂದು ತಪ್ಪದೆ ಇರುತ್ತದೆ. “ಮನೆಯ ಕಂಪ್ಯೂಟರಿಗೆ ಯಾವ ಆಂಟಿವೈರಸ್ ಹಾಕಿಸಬೇಕು? ದುಡ್ಡು ಕೊಟ್ಟು ತರಬೇಕೆ, ಪುಕ್ಕಟೆ ಸಿಗುವುದೇ ಸಾಕೆ?” ಕೇಳುವವರು ಹೆಚ್ಚಾಗಿ ವಿದ್ಯಾರ್ಥಿಗಳು, ಇಲ್ಲವೆ ಅವರ ತಂದೆತಾಯಂದಿರು. ಸ್ಟುಡಿಯೋದಲ್ಲಿ ಕುಳಿತ ತಜ್ಞರು ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿ ಮುಂದಿನ ಕರೆಗೆ ಹೋಗಬೇಕಾಗುತ್ತದೆ. ಗಡಿಯಾರ ನೋಡಿಕೊಂಡೇ ನಡೆಯುವ ಕೆಲಸವದು. ಅಚ್ಚಿನ ಪುಟಕ್ಕೆ ಅಂಥ ಅವಸರವಿಲ್ಲ. ಆದ್ದರಿಂದ ಇಲ್ಲಿ ಒಂದು ಹೆಸರನ್ನು ಹೇಳಿ ಕೈತೊಳೆದುಕೊಳ್ಳುವ ಬದಲು, ಈ ರಕ್ಷಕ ತಂತ್ರಾಂಶಗಳು ಎಲ್ಲಿಂದ ಬಂದವು, ಅವು ಏನು ಮಾಡಬಲ್ಲವು, ಯಾವ ಸಂದರ್ಭದಲ್ಲಿ ನಮ್ಮನ್ನೇ ಕೆಡವಿದವು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಮನೆಯ ಕಂಪ್ಯೂಟರಿನಲ್ಲಿ ಇಂದು ಅಕ್ಕನ ಮದುವೆಯ ಫೋಟೋಗಳಿವೆ, ಅಣ್ಣನ ಪ್ರಾಜೆಕ್ಟ್ ವರದಿ ಇದೆ, ಅಪ್ಪ ಬ್ಯಾಂಕಿನ ವ್ಯವಹಾರ ಮಾಡುವುದೂ ಅದರಲ್ಲೇ. ಅದಕ್ಕೆ ಯಾರನ್ನು ಕಾವಲಿಡಬೇಕೆಂಬ ತೀರ್ಮಾನ ಬಹಳ ಮನೆಗಳಲ್ಲಿ ಓದುತ್ತಿರುವ ಮಕ್ಕಳ ಪಾಲಿಗೇ ಬರುತ್ತದೆ.

ಮೊದಲ ಕಳ್ಳ ನಿಜವಾಗಿ ಕಳ್ಳನಾಗಿರಲಿಲ್ಲ. 1971ರಲ್ಲಿ ಅಮೆರಿಕದ ಬಿಬಿಎನ್ ಸಂಸ್ಥೆಯಲ್ಲಿದ್ದ ಬಾಬ್ ಥಾಮಸ್ ಎಂಬವರು ಕ್ರೀಪರ್ ಎಂಬ ಪ್ರೋಗ್ರಾಂ ಬರೆದರು. ಇಂಟರ್ನೆಟ್ಟಿನ ಪೂರ್ವಜವಾದ ಆರ್ಪಾನೆಟ್ ಎಂಬ ಜಾಲದಲ್ಲಿ ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗಿ, ‘ನಾನು ಕ್ರೀಪರ್, ಸಾಧ್ಯವಾದರೆ ಹಿಡಿಯಿರಿ’ ಎಂಬರ್ಥದ ಸಂದೇಶ ತೋರಿಸುತ್ತಿತ್ತು. ಕೆಡಿಸುವ ಉದ್ದೇಶವೇನೂ ಅದಕ್ಕಿರಲಿಲ್ಲ. ಪ್ರೋಗ್ರಾಂ ತಾನಾಗಿಯೇ ಪಯಣಿಸಬಲ್ಲದೆ ಎಂಬ ಕುತೂಹಲದ ಪ್ರಯೋಗವದು. ಅದನ್ನು ಹುಡುಕಿ ಅಳಿಸಲು ರೀಪರ್ ಎಂಬ ಮತ್ತೊಂದು ಪ್ರೋಗ್ರಾಂ ಹುಟ್ಟಿತು. ಅದನ್ನು ಬರೆದವರು ರೇ ಟಾಮ್ಲಿನ್ಸನ್. ಇ-ಮೇಲ್ ವಿಳಾಸದಲ್ಲಿ ‘ಅಟ್’ ಚಿಹ್ನೆಯನ್ನು ಬಳಕೆಗೆ ತಂದವರೂ ಇವರೇ. ಜಗತ್ತಿನ ಮೊದಲ ಆಂಟಿವೈರಸ್ ಯಾವುದೆಂದು ಯಾರಾದರೂ ರಸಪ್ರಶ್ನೆಯಲ್ಲಿ ಕೇಳಿದರೆ ರೀಪರ್ ಎನ್ನಬಹುದು. ಆಗಿನ್ನೂ ‘ವೈರಸ್’ ಎಂಬ ಹೆಸರೇ ಕಂಪ್ಯೂಟರಿಗೆ ಅಂಟಿಕೊಂಡಿರಲಿಲ್ಲ.

ಆ ಹೆಸರು ಅಂಟಿದ್ದು 1983ರ ನವೆಂಬರಿನಲ್ಲಿ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಫ್ರೆಡ್ ಕೊಹೆನ್, ಇತರ ಪ್ರೋಗ್ರಾಂಗಳೊಳಗೆ ತನ್ನನ್ನು ತಾನೇ ಸೇರಿಸಿಕೊಂಡು ಹರಡುವ ಒಂದು ಪ್ರೋಗ್ರಾಮನ್ನು ತರಗತಿಯಲ್ಲಿ ಪ್ರದರ್ಶಿಸಿದರು. ಐದು ಬಾರಿ ಪ್ರಯೋಗ ನಡೆಯಿತು. ಐದು ಸಲವೂ ಒಂದು ಗಂಟೆಯೊಳಗೆ ಇಡೀ ಗಣಕ ವ್ಯವಸ್ಥೆಯ ಸರ್ವಾಧಿಕಾರ ಆ ಪುಟ್ಟ ಪ್ರೋಗ್ರಾಮಿನ ಕೈಗೆ ಬಂದಿತ್ತು. ಇದಕ್ಕೆ ‘ವೈರಸ್’ ಎಂಬ ಹೆಸರನ್ನು ಸೂಚಿಸಿದವರು ಅವರ ಗುರುಗಳಾದ ಲಿಯೊನಾರ್ಡ್ ಏಡಲ್‌ಮನ್. ಗೂಢಲಿಪಿ ಶಾಸ್ತ್ರದಲ್ಲಿ ಆರ್‌ಎಸ್‌ಎ ಎಂಬ ವಿಧಾನದ ಹೆಸರಿನ ಕೊನೆಯ ಅಕ್ಷರ ಇವರದೇ.

ಕೊಹೆನ್ ಅಷ್ಟಕ್ಕೇ ನಿಲ್ಲಲಿಲ್ಲ. 1984ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅವರು ಇನ್ನೊಂದು ಮಾತನ್ನು ಸಿದ್ಧಪಡಿಸಿದರು. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಒಮ್ಮೆ ಕಾಗದದ ಮೇಲೆ ಬರೆದುಕೊಂಡು ನೋಡಬೇಕು. ಎಲ್ಲ ವೈರಸ್‌ಗಳನ್ನೂ ತಪ್ಪಿಲ್ಲದೆ ಗುರುತಿಸುವ ಒಂದು ಪ್ರೋಗ್ರಾಂ ಇದೆ ಎಂದು ಇಟ್ಟುಕೊಳ್ಳಿ. ಅದನ್ನು ಪರೀಕ್ಷಕ ಎಂದು ಕರೆಯೋಣ. ಈಗ ತುಂಟನೊಬ್ಬ ಹೊಸ ಪ್ರೋಗ್ರಾಂ ಬರೆಯುತ್ತಾನೆ. ಅದು ಕೆಲಸ ಶುರುಮಾಡಿದ ಕೂಡಲೇ ಈ ಪರೀಕ್ಷಕನನ್ನೇ ಕರೆದು “ನಾನು ವೈರಸ್ಸೇ?” ಎಂದು ಕೇಳುತ್ತದೆ. “ಹೌದು” ಎಂಬ ಉತ್ತರ ಬಂದರೆ ಸುಮ್ಮನಾಗುತ್ತದೆ, ಎಲ್ಲಿಗೂ ಹರಡುವುದಿಲ್ಲ. “ಅಲ್ಲ” ಎಂದು ಬಂದರೆ ಹರಡತೊಡಗುತ್ತದೆ. ಅಂದರೆ ಪರೀಕ್ಷಕನು ವೈರಸ್ ಎಂದದ್ದು ವೈರಸ್ಸಿನಂತೆ ನಡೆಯುವುದಿಲ್ಲ. ಅಲ್ಲ ಎಂದದ್ದು ನಡೆಯುತ್ತದೆ. ಯಾವ ಉತ್ತರ ಕೊಟ್ಟರೂ ಪರೀಕ್ಷಕ ಸುಳ್ಳುಗಾರನಾದ. ಆದ್ದರಿಂದ ಅಂಥ ಪರಿಪೂರ್ಣ ಪರೀಕ್ಷಕ ಇರಲು ಸಾಧ್ಯವಿಲ್ಲ. 1936ರಲ್ಲಿ ಅಲನ್ ಟ್ಯೂರಿಂಗ್ ತೋರಿಸಿಕೊಟ್ಟ ತರ್ಕದ ಸೋದರ ಸಂಬಂಧಿ ಇದು. ‘ನೂರಕ್ಕೆ ನೂರು ರಕ್ಷಣೆ’ ಎಂದು ಡಬ್ಬದ ಮೇಲೆ ಅಚ್ಚು ಹಾಕಿಸುವ ಯಾವುದೇ ಕಂಪನಿ, ಗಣಿತವು ಆಗುವುದಿಲ್ಲವೆಂದು 1984ರಲ್ಲೇ ಹೇಳಿದ್ದನ್ನು ಮಾರಲು ಹೊರಟಿದೆ ಎಂದು ತಿಳಿಯಬೇಕು.

ಲಾಹೋರಿನ ಸೋದರರು

ಕೊಹೆನ್ ಅವರದು ಪ್ರಯೋಗಾಲಯದ ಮಾತು. ಅದಕ್ಕೂ ಮುನ್ನ 1982ರಲ್ಲಿ ಪೆನ್ಸಿಲ್ವೇನಿಯಾದ ರಿಚ್ ಸ್ಕ್ರೆಂಟಾ ಎಂಬ ಶಾಲಾ ಬಾಲಕ ಗೆಳೆಯರ ಆಪಲ್ ಕಂಪ್ಯೂಟರುಗಳನ್ನು ಕಾಡಲು ಎಲ್ಕ್ ಕ್ಲೋನರ್ ಎಂಬ ತರಲೆಯನ್ನು ಬರೆದಿದ್ದ. ಸೋಂಕಿದ ಫ್ಲಾಪಿಯನ್ನು ಐವತ್ತನೆಯ ಸಲ ಹಾಕಿದಾಗ ತೆರೆಯ ಮೇಲೆ ಒಂದು ಪದ್ಯ ಮೂಡುತ್ತಿತ್ತು. ಆದರೆ ನಮ್ಮ ಮನೆಗಳಿಗೆ ಬಂದ ಪಿ.ಸಿ. ಎಂಬ ಜಾತಿಯ ಯಂತ್ರಕ್ಕೆ ಮೊದಲು ಅಂಟಿದ ವೈರಸ್ಸು ಹುಟ್ಟಿದ್ದು ನಮ್ಮ ನೆರೆಯಲ್ಲೇ, ಲಾಹೋರಿನಲ್ಲಿ, 1986ರಲ್ಲಿ. ಅದರ ಹೆಸರು ಬ್ರೈನ್. ಬರೆದವರು ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸೋದರರು, ಒಂದು ಕಂಪ್ಯೂಟರ್ ಅಂಗಡಿಯ ಮಾಲೀಕರು. ತಾವು ಬರೆದ ವೈದ್ಯಕೀಯ ತಂತ್ರಾಂಶವನ್ನು ಜನ ಕದ್ದು ನಕಲು ಮಾಡುತ್ತಿದ್ದಾರೆ, ಆ ನಕಲುಗಳು ಎಲ್ಲೆಲ್ಲಿಗೆ ಹೋಗುತ್ತವೆಂದು ನೋಡಬೇಕು ಎಂಬುದು ಅವರು ಕೊಟ್ಟ ಕಾರಣ. ವಿಚಿತ್ರವೆಂದರೆ ವೈರಸ್ಸಿನೊಳಗೇ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರುಗಳನ್ನು ಬರೆದಿಟ್ಟಿದ್ದರು! ಕನ್ನ ಹಾಕಿ ವಿಸಿಟಿಂಗ್ ಕಾರ್ಡ್ ಬಿಟ್ಟುಬಂದ ಹಾಗೆ.

ಬ್ರೈನ್ ಕೆಲಸ ಮಾಡುತ್ತಿದ್ದ ಬಗೆ ತಿಳಿದರೆ ಮುಂದಿನ ಹತ್ತು ವರ್ಷಗಳ ಚರಿತ್ರೆ ಅರ್ಥವಾಗುತ್ತದೆ. ಪ್ರತಿ ಫ್ಲಾಪಿಯ ಮೊದಲ ಭಾಗಕ್ಕೆ ಬೂಟ್ ಸೆಕ್ಟರ್ ಎಂದು ಹೆಸರು. ಯಂತ್ರಕ್ಕೆ ವಿದ್ಯುತ್ ಕೊಟ್ಟಾಗ ಫ್ಲಾಪಿ ಒಳಗಿದ್ದರೆ, ಕಂಪ್ಯೂಟರ್ ಮೊತ್ತಮೊದಲು ಓದುವುದು ಅದನ್ನೇ. ಬ್ರೈನ್ ಆ ಜಾಗದಲ್ಲಿ ತಾನು ಕುಳಿತು, ಅಲ್ಲಿದ್ದ ಮೂಲವನ್ನು ಫ್ಲಾಪಿಯ ಬೇರೊಂದು ಮೂಲೆಗೆ ಸಾಗಿಸಿ, ಆ ಮೂಲೆ ‘ಹಾಳಾಗಿದೆ’ ಎಂದು ಗುರುತು ಹಾಕುತ್ತಿತ್ತು. ಯಾರಾದರೂ ಅನುಮಾನದಿಂದ ಬೂಟ್ ಸೆಕ್ಟರನ್ನು ತೆರೆದು ನೋಡಿದರೆ, ಬಚ್ಚಿಟ್ಟ ಮೂಲವನ್ನು ತಂದು ತೋರಿಸುತ್ತಿತ್ತು. ಮೊದಲ ವೈರಸ್ಸಿಗೇ ಮರೆಯಾಗುವ ವಿದ್ಯೆ ಬಂದಿತ್ತೆಂಬುದು ಗಮನಿಸಬೇಕಾದ ಸಂಗತಿ. 1987ರ ಹೊತ್ತಿಗೆ ಅದು ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಫ್ಲಾಪಿಗಳಲ್ಲಿ ಕಾಣಿಸಿಕೊಂಡಿತು. 2011ರಲ್ಲಿ ಫಿನ್ಲೆಂಡಿನ ತಜ್ಞ ಮಿಕ್ಕೊ ಹಿಪ್ಪೊನೆನ್ ಆ ವಿಳಾಸ ಹುಡುಕಿಕೊಂಡು ಲಾಹೋರಿಗೆ ಹೋದಾಗ, ಸೋದರರು ಅಲ್ಲಿಯೇ ಇದ್ದರು, ಇಂಟರ್ನೆಟ್ ಸೇವೆಯ ಉದ್ಯಮ ನಡೆಸುತ್ತಿದ್ದರು. ಆ ಭೇಟಿಯ ಸಾಕ್ಷ್ಯಚಿತ್ರವನ್ನು ನೋಡಿದವರಿಗೆ ಗೊತ್ತು, ಅವರು ಬಾಗಿಲು ತೆರೆದು ಮಾತನಾಡಿಸಿದರು.

ಕಾವಲಿನ ವ್ಯಾಪಾರ

ವೈರಸ್ ಬಂದ ಮೇಲೆ ವೈದ್ಯರೂ ಬಂದರು. ಜಾನ್ ಮೆಕಾಫಿ ಆಗ ಲಾಕ್‌ಹೀಡ್ ಎಂಬ ವಿಮಾನ ತಯಾರಿಕಾ ಸಂಸ್ಥೆಯಲ್ಲಿ ಪ್ರೋಗ್ರಾಮರ್. ಬ್ರೈನ್ ವೈರಸ್ಸಿನ ಪ್ರತಿಯೊಂದು ಕೈಗೆ ಸಿಕ್ಕಿದ್ದೇ ನೆಪವಾಗಿ 1987ರಲ್ಲಿ ತಮ್ಮದೇ ಕಂಪನಿ ಆರಂಭಿಸಿದರು. ತಂತ್ರಾಂಶವನ್ನು ಯಾರು ಬೇಕಾದರೂ ಪಡೆದು ಬಳಸಬಹುದಿತ್ತು. ದೊಡ್ಡ ಕಂಪನಿಗಳು ಪರವಾನಗಿಗೆ ಹಣ ಕೊಡಬೇಕಿತ್ತು. ಸುಮಾರು ಅದೇ ಕಾಲಕ್ಕೆ ಚೆಕೊಸ್ಲೊವಾಕಿಯಾದಲ್ಲಿ ಪೀಟರ್ ಪಾಶ್ಕೊ ಮತ್ತು ಮಿರೊಸ್ಲಾವ್ ಟ್ರಂಕಾ, ಇಂಗ್ಲೆಂಡಿನಲ್ಲಿ ಅಲನ್ ಸಾಲೊಮನ್ ಇದೇ ಕೆಲಸಕ್ಕೆ ಇಳಿದರು. ರಷ್ಯಾದ ಯುಜೀನ್ ಕ್ಯಾಸ್ಪರ್ಸ್ಕಿ 1989ರಲ್ಲಿ ತಮ್ಮ ಯಂತ್ರಕ್ಕೆ ತಗುಲಿದ ಕ್ಯಾಸ್ಕೇಡ್ ಎಂಬ ವೈರಸ್ಸನ್ನು ಬಿಡಿಸಿ ನೋಡಿ ಈ ದಾರಿಗೆ ಬಂದವರು. ಕ್ಯಾಸ್ಕೇಡ್ ತಗುಲಿದರೆ ತೆರೆಯ ಮೇಲಿನ ಅಕ್ಷರಗಳು ಮರದಿಂದ ಎಲೆ ಉದುರಿದ ಹಾಗೆ ಕೆಳಕ್ಕೆ ಉದುರುತ್ತಿದ್ದವು.

ಇವರೆಲ್ಲರ ವಿಧಾನ ಒಂದೇ. ಸಿಕ್ಕ ವೈರಸ್ಸಿನೊಳಗಿನ ಒಂದು ವಿಶಿಷ್ಟ ತುಣುಕನ್ನು ಗುರುತಾಗಿ ಇಟ್ಟುಕೊಂಡು, ಪ್ರತಿಯೊಂದು ಫೈಲಿನಲ್ಲಿ ಅದು ಇದೆಯೇ ಎಂದು ಹುಡುಕುವುದು. ಠಾಣೆಯಲ್ಲಿ ಹಳೆಯ ಕಳ್ಳರ ಬೆರಳಚ್ಚು ಇಟ್ಟಂತೆ. ಹಳೆಯ ಕಳ್ಳ ಸಿಗುತ್ತಾನೆ. ಮೊದಲ ಸಲ ಕದಿಯುವವನು ಸಿಗುವುದಿಲ್ಲ. ಅದಕ್ಕಾಗಿಯೇ ‘ಅಪ್‌ಡೇಟ್’ ಎಂಬುದು ಹುಟ್ಟಿದ್ದು, ವರ್ಷ ವರ್ಷ ಚಂದಾ ಕಟ್ಟುವ ಪದ್ಧತಿಯೂ ಹುಟ್ಟಿದ್ದು. ಕಳ್ಳರೇನು ಸುಮ್ಮನಿರಲಿಲ್ಲ. ಡಾರ್ಕ್ ಅವೆಂಜರ್ ಎಂಬ ಗುಪ್ತನಾಮದ ಬಲ್ಗೇರಿಯಾದವನೊಬ್ಬ 1990ರ ದಶಕದ ಆರಂಭದಲ್ಲಿ, ಪ್ರತಿ ಸೋಂಕಿನಲ್ಲೂ ವೈರಸ್ಸಿನ ರೂಪ ಬದಲಾಯಿಸುವ ಯಂತ್ರವೊಂದನ್ನೇ ಬರೆದು ಹಂಚಿದ. ಬೆರಳಚ್ಚೇ ಬದಲಾಗುವ ಕಳ್ಳ! ಆಗ ರಕ್ಷಕ ತಂತ್ರಾಂಶಗಳು ಮುಖ ಬಿಟ್ಟು ನಡತೆಯನ್ನು ನೋಡತೊಡಗಿದವು. ಅನುಮಾನದ ಪ್ರೋಗ್ರಾಮನ್ನು ಪ್ರತ್ಯೇಕವಾಗಿಟ್ಟು ನಡೆಸಿ ನೋಡುವುದು, ಅದು ಸಂಬಂಧವಿಲ್ಲದ ಫೈಲುಗಳಿಗೆ ಕೈಹಾಕುತ್ತದೆಯೇ ಎಂದು ಗಮನಿಸುವುದು ಇತ್ಯಾದಿ. ಇಂದಿನ ತಂತ್ರಾಂಶಗಳಲ್ಲಿ ಬೆರಳಚ್ಚು, ನಡತೆ ಎರಡರ ಪರೀಕ್ಷೆಯೂ ಇದೆ. ಜೊತೆಗೆ ಕಂಪನಿಯ ದೂರದ ಕಂಪ್ಯೂಟರನ್ನು ಇಂಟರ್ನೆಟ್ಟಿನ ಮೂಲಕ ಕ್ಷಣಾರ್ಧದಲ್ಲಿ ವಿಚಾರಿಸಿಕೊಳ್ಳುವ ವ್ಯವಸ್ಥೆಯೂ ಸೇರಿದೆ.

ಭಾರತಕ್ಕೂ ಈ ಕಥೆಯಲ್ಲಿ ಪಾಲಿದೆ. 1990ರಲ್ಲಿ ನಮ್ಮ ದೇಶದಲ್ಲಿ ಪತ್ತೆಯಾದ ಜೋಶಿ ಎಂಬ ಬೂಟ್ ಸೆಕ್ಟರ್ ವೈರಸ್ಸು ಜನವರಿ 5ರಂದು ಯಂತ್ರವನ್ನು ತಡೆದು ನಿಲ್ಲಿಸಿ, ಜೋಶಿಗೆ ಹುಟ್ಟುಹಬ್ಬದ ಶುಭಾಶಯವನ್ನು ಟೈಪ್ ಮಾಡುವವರೆಗೆ ಬಿಡುತ್ತಿರಲಿಲ್ಲ. ಚೆನ್ನೈಯಲ್ಲಿ 1991ರಲ್ಲಿ ಕೆ-7 ಎಂಬ ಸಂಸ್ಥೆ ಆರಂಭವಾಯಿತು. ಪುಣೆಯಲ್ಲಿ ಕ್ಯಾಲ್ಕುಲೇಟರ್ ರಿಪೇರಿಯ ಅಂಗಡಿ ಇಟ್ಟಿದ್ದ ಕೈಲಾಶ್ ಕಾಟ್ಕರ್, ಕಂಪ್ಯೂಟರ್ ರಿಪೇರಿಗೆ ಬರುವ ಯಂತ್ರಗಳಲ್ಲಿ ಬಹಳಷ್ಟಕ್ಕೆ ಇರುವ ರೋಗ ವೈರಸ್ಸೇ ಎಂಬುದನ್ನು ಕಂಡರು. ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದ ತಮ್ಮ ಸಂಜಯ್ ಅದಕ್ಕೆ ಮದ್ದು ಬರೆದರು. 1990ರ ದಶಕದ ಮಧ್ಯದಲ್ಲಿ ಮಾರುಕಟ್ಟೆಗೆ ಬಂದ ಅದರ ಹೆಸರು ಕ್ವಿಕ್ ಹೀಲ್. ರಿಪೇರಿಯ ಮೇಜಿನಿಂದ ಹುಟ್ಟಿದ ತಂತ್ರಾಂಶ ಎಂಬ ಕಾರಣಕ್ಕೆ ಈ ಕಥೆ ನನಗೆ ಇಷ್ಟ. ಆ ಕಾಲದ ಕಾಲೇಜು ಲ್ಯಾಬುಗಳ ನೆನಪಿರುವವರಿಗೆ ಒಂದು ಮಾತು ಗೊತ್ತಿರುತ್ತದೆ: ಒಳಗೆ ಹೋಗುವ ಮುನ್ನ ಚಪ್ಪಲಿ ಹೊರಗೆ ಬಿಡಬೇಕು. ಧೂಳು ಬರಬಾರದೆಂಬುದು ಕಾರಣ. ಚಪ್ಪಲಿಯಿಂದ ವೈರಸ್ ಬರುತ್ತದೆಂದು ನಮ್ಮಲ್ಲಿ ಕೆಲವರು ಗಂಭೀರವಾಗಿಯೇ ನಂಬಿದ್ದರು. ಜೇಬಿನಲ್ಲಿದ್ದ ಫ್ಲಾಪಿಯನ್ನು ಮಾತ್ರ ಯಾರೂ ಹೊರಗೆ ಬಿಡಿಸುತ್ತಿರಲಿಲ್ಲ.

ಭಯವನ್ನು ಮಾರುವುದು ಹೇಗೆಂಬುದನ್ನು ಜಗತ್ತು ಕಲಿತದ್ದು 1992ರಲ್ಲಿ. ಮೈಕೆಲೆಂಜೆಲೊ ಎಂಬ ವೈರಸ್ಸು ಮಾರ್ಚ್ 6ರಂದು ಎಚ್ಚರಗೊಂಡು ಹಾರ್ಡ್ ಡಿಸ್ಕಿನ ಮೊದಲ ಭಾಗವನ್ನು ಅಳಿಸುತ್ತದೆಂದು ಪತ್ತೆಯಾಗಿತ್ತು. ಇಟಲಿಯ ಆ ಮಹಾ ಶಿಲ್ಪಿಯ ಜನ್ಮದಿನವೂ ಅದೇ ಆದ್ದರಿಂದ ಸಂಶೋಧಕರು ಇಟ್ಟ ಹೆಸರಿದು. ವೈರಸ್ಸಿನೊಳಗೆ ಶಿಲ್ಪಿಯ ಸುಳಿವೇ ಇರಲಿಲ್ಲ. ಜಗತ್ತಿನಲ್ಲಿ 50 ಲಕ್ಷ ಕಂಪ್ಯೂಟರುಗಳು ಅಪಾಯದಲ್ಲಿವೆ ಎಂಬ ಅಂಕಿ ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ಓಡಾಡಿತು. ಅಂಗಡಿಗಳಲ್ಲಿ ಆಂಟಿವೈರಸ್ ಡಬ್ಬಗಳು ಖಾಲಿಯಾದವು. ಆ ದಿನ ಬಂದು ಹೋಯಿತು. ಹಾನಿಗೊಳಗಾದ ಯಂತ್ರಗಳು ಕೆಲವು ಸಾವಿರ, ಹೆಚ್ಚೆಂದರೆ 20 ಸಾವಿರದವರೆಗೆ ಎಂಬ ಲೆಕ್ಕ ಆಮೇಲೆ ಬಂತು. ಎಚ್ಚರಿಕೆ ಕೊಟ್ಟದ್ದರಿಂದಲೇ ಹಾನಿ ಕಡಿಮೆಯಾಯಿತು ಎಂದು ಕಂಪನಿಗಳ ಪರವಾಗಿ ವಾದಿಸಬಹುದು. ಸ್ವಲ್ಪ ಮಟ್ಟಿಗೆ ಅದು ನಿಜವೂ ಹೌದು. ಆದರೆ 50 ಲಕ್ಷದ ಅಂಕಿ ಬಂದದ್ದು ಡಬ್ಬ ಮಾರುವವರ ಬಾಯಿಂದಲೇ ಎಂಬುದನ್ನು ಮರೆಯುವಂತಿಲ್ಲ. ಮಾಧ್ಯಮದಲ್ಲಿ ಕೆಲಸ ಮಾಡುವ ನನ್ನಂಥವರು ಮತ್ತೆ ಮತ್ತೆ ಓದಬೇಕಾದ ಪ್ರಕರಣವಿದು. ಅಂಕಿಯನ್ನು ಯಾರು ಕೊಟ್ಟರು ಎಂದು ಕೇಳುವ ಪುರುಸೊತ್ತು ಆಗ ಸುದ್ದಿಮನೆಗಳಿಗೆ ಇರಲಿಲ್ಲ.

ಭಯದ ವ್ಯಾಪಾರ ಕೊನೆಗೆ ಮೋಸದ ಪರಾಕಾಷ್ಠೆಗೂ ಹೋಯಿತು. 2000ದ ದಶಕದ ಉತ್ತರಾರ್ಧದಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ ಇಷ್ಟು ವೈರಸ್‌ಗಳಿವೆ’ ಎಂದು ಕೆಂಪು ಅಕ್ಷರಗಳಲ್ಲಿ ತೋರಿಸಿ, ಹಣ ಕಟ್ಟಿದರೆ ತೆಗೆಯುತ್ತೇವೆನ್ನುವ ಕಳ್ಳ ಆಂಟಿವೈರಸ್‌ಗಳು ಬಂದವು. ಪರೀಕ್ಷೆಯೂ ಸುಳ್ಳು, ರೋಗವೂ ಸುಳ್ಳು, ಹಣ ಮಾತ್ರ ನಿಜ. 2008ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥದೊಂದು ಜಾಲದ ಮೇಲೆ ಮೊಕದ್ದಮೆ ಹೂಡಿದಾಗ, ಮೋಸಹೋದ ಗ್ರಾಹಕರ ಸಂಖ್ಯೆ 10 ಲಕ್ಷಕ್ಕೂ ಮೀರಿದೆ ಎಂದಿತು. ಇಂಟರ್ನೆಟ್ ನೋಡುತ್ತಿರುವಾಗ ದಿಢೀರನೆ ತೆರೆ ತುಂಬುವ ಎಚ್ಚರಿಕೆ, ಜೊತೆಗೊಂದು ಫೋನ್ ನಂಬರು, ಇವು ಇಂದಿಗೂ ಅದೇ ಮನೆತನದವು.

ಒಲವಿನ ಓಲೆಯಿಂದ ಒತ್ತೆ ಹಣದವರೆಗೆ

ಫ್ಲಾಪಿ ಕೈಯಿಂದ ಕೈಗೆ ಹೋಗಬೇಕಿತ್ತು. ಜಾಲಕ್ಕೆ ಕೈ ಬೇಕಾಗಿಲ್ಲ. 1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಬಿಟ್ಟ ಹುಳು ಆಗಿನ ಇಂಟರ್ನೆಟ್ಟಿನಲ್ಲಿದ್ದ ಸುಮಾರು 60 ಸಾವಿರ ಯಂತ್ರಗಳಲ್ಲಿ ಆರು ಸಾವಿರದಷ್ಟನ್ನು ಸ್ತಬ್ಧಗೊಳಿಸಿತೆಂದು ಅಂದಾಜು. ಮನೆಯ ಬಳಕೆದಾರರಿಗೆ ಆ ಬಿಸಿ ತಟ್ಟಿದ್ದು ಇ-ಮೇಲ್ ಬಂದ ಮೇಲೆ. 2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯೂ’ ಹುಳು ಪ್ರೇಮಪತ್ರದ ವೇಷದಲ್ಲಿ ಬಂತು. ಜೊತೆಗಿದ್ದ ಫೈಲಿನ ಹೆಸರಿಗೆ ಎರಡು ಬಾಲಗಳಿದ್ದವು. ಮೊದಲನೆಯದು ಟಿಎಕ್ಸ್‌ಟಿ, ಅಂದರೆ ನಿರುಪದ್ರವಿ ಬರಹ. ಎರಡನೆಯದು ವಿಬಿಎಸ್, ಅಂದರೆ ನಡೆಸಬಹುದಾದ ಪ್ರೋಗ್ರಾಂ. ವಿಂಡೋಸ್ ತಾನಾಗಿಯೇ ಕೊನೆಯ ಬಾಲವನ್ನು ಮರೆಮಾಡುವುದರಿಂದ ಜನರಿಗೆ ಕಂಡದ್ದು ಮೊದಲನೆಯದು ಮಾತ್ರ. ತೆರೆದವರ ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ಪತ್ರ ಹೋಯಿತು, ಚಿತ್ರಗಳ ಫೈಲುಗಳು ನಾಶವಾದವು. ಬರೆದ ಯುವಕ ಸಿಕ್ಕಿದರೂ ಶಿಕ್ಷಿಸಲು ಆ ದೇಶದಲ್ಲಿ ಕಾನೂನೇ ಇರಲಿಲ್ಲ. ನಮ್ಮಲ್ಲಿ ಅದೇ ವರ್ಷ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಕಲಮಿನಲ್ಲಿ ‘ಕಂಪ್ಯೂಟರ್ ವೈರಸ್’ ಎಂದರೇನೆಂಬ ವ್ಯಾಖ್ಯೆಯೇ ಇದೆ. ಸೈಬರ್ ಅಪರಾಧಗಳಿಗೆಂದೇ ಬೆಂಗಳೂರಿನಲ್ಲಿ 2001ರಲ್ಲಿ ಪೊಲೀಸ್ ಠಾಣೆ ತೆರೆಯಿತು.

ಒತ್ತೆ ಹಣ ಕೇಳುವ ಪದ್ಧತಿ ಹೊಸದೆಂದು ಅನೇಕರು ತಿಳಿದಿದ್ದಾರೆ. 1989ರಲ್ಲಿ ಜೋಸೆಫ್ ಪಾಪ್ ಎಂಬ ಜೀವವಿಜ್ಞಾನಿ ಏಡ್ಸ್ ರೋಗದ ಮಾಹಿತಿ ಎಂದು ಹೇಳಿ ಸುಮಾರು 20 ಸಾವಿರ ಫ್ಲಾಪಿಗಳನ್ನು ಅಂಚೆಯಲ್ಲಿ ಕಳಿಸಿದ್ದ. 90 ಬಾರಿ ಯಂತ್ರ ಚಾಲೂ ಮಾಡಿದ ಮೇಲೆ ಅದು ಫೈಲುಗಳ ಹೆಸರುಗಳನ್ನು ಕಲಸಿ, 189 ಡಾಲರನ್ನು ಪನಾಮಾದ ಅಂಚೆಪೆಟ್ಟಿಗೆಗೆ ಕಳಿಸಿರೆಂದು ಕೇಳುತ್ತಿತ್ತು. ಬೀಗ ದುರ್ಬಲವಾಗಿತ್ತು, ಮದ್ದು ಬೇಗ ಸಿಕ್ಕಿತು. 2017ರ ಮೇ 12ರಂದು ಬಂದ ವಾನ್ನಾಕ್ರೈ ಹಾಗಿರಲಿಲ್ಲ. 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ಫೈಲುಗಳಿಗೆ ಗಟ್ಟಿ ಬೀಗ ಬಿತ್ತು. ಇಂಗ್ಲೆಂಡಿನಲ್ಲಿ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ಇದರಲ್ಲಿ ಮನೆಯವರು ಗಮನಿಸಬೇಕಾದ ತಾರೀಖು ಇನ್ನೊಂದಿದೆ: ಮಾರ್ಚ್ 14. ಆ ಹುಳು ನುಗ್ಗಿದ ಕಿಂಡಿಯನ್ನು ಮುಚ್ಚುವ ವಿಂಡೋಸ್ ತೇಪೆಯನ್ನು ಮೈಕ್ರೋಸಾಫ್ಟ್ ಅಂದೇ, ಸುಮಾರು ಎರಡು ತಿಂಗಳ ಮೊದಲೇ, ಹಂಚಿತ್ತು. ತೇಪೆ ಹಾಕಿಕೊಂಡ ಯಂತ್ರದಲ್ಲಿ ಆ ಕಿಂಡಿಯಿಂದ ಹುಳು ಒಳಗೆ ಬರಲಾರದು, ಅದರಲ್ಲಿ ಯಾವ ಆಂಟಿವೈರಸ್ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ.

ಕಾವಲುಗಾರನೇ ಎಡವಿದಾಗ

ರಕ್ಷಕ ತಂತ್ರಾಂಶಕ್ಕೆ ಯಂತ್ರದಲ್ಲಿ ಅತ್ಯುನ್ನತ ಅಧಿಕಾರ ಬೇಕು. ಎಲ್ಲ ಫೈಲು ತೆರೆಯಬೇಕು, ಬೇಡವೆನಿಸಿದ್ದನ್ನು ಅಳಿಸಬೇಕು. ಈ ಅಧಿಕಾರವೇ ಕೆಲವೊಮ್ಮೆ ಮುಳುವಾಗಿದೆ. 2010ರ ಏಪ್ರಿಲ್ 21ರಂದು ಮೆಕಾಫಿ ಕಂಪನಿಯ ಒಂದು ಅಪ್‌ಡೇಟು, ವಿಂಡೋಸ್ ಎಕ್ಸ್‌ಪಿಯ ಒಂದು ಅತ್ಯಗತ್ಯ ಫೈಲನ್ನೇ ವೈರಸ್ ಎಂದು ತಿಳಿದು ತೆಗೆದುಹಾಕಿತು. ಯಂತ್ರಗಳು ತಾವಾಗಿಯೇ ಮುಚ್ಚಿ ತೆರೆದು, ಮತ್ತೆ ಮುಚ್ಚಿ ತೆರೆದು ಒದ್ದಾಡಿದವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ದೋಷದ ಅಪ್‌ಡೇಟಿನಿಂದ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತೆರೆ ತೋರಿಸಿ ನಿಂತುಬಿಟ್ಟವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪೆನ್ನಿನಿಂದ ಬರೆದ ಬೋರ್ಡಿಂಗ್ ಪಾಸ್ ಹಿಡಿದು ಜನ ವಿಮಾನ ಹತ್ತಿದರು. ಅದು ಕಂಪನಿಗಳಿಗೆ ಮಾರುವ ತಂತ್ರಾಂಶ, ಮನೆಗಳಲ್ಲಿ ಇರುವಂಥದ್ದಲ್ಲ. ಆದರೆ ಅಧಿಕಾರದ ಸ್ವರೂಪ ಒಂದೇ.

ಪುಕ್ಕಟೆ ಸಿಗುವ ತಂತ್ರಾಂಶದ ಬೆಲೆಯನ್ನು ಬೇರೆ ರೀತಿಯಲ್ಲಿ ವಸೂಲು ಮಾಡಿದ ಉದಾಹರಣೆಯೂ ಉಂಟು. ಅವಾಸ್ಟ್ ಎಂಬ ಪ್ರಸಿದ್ಧ ಉಚಿತ ಆಂಟಿವೈರಸ್ ತಯಾರಿಸುವ ಕಂಪನಿ, ಬಳಕೆದಾರರು ಯಾವ ಯಾವ ಜಾಲತಾಣ ನೋಡಿದರೆಂಬ ವಿವರವನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತೆಂಬುದು 2020ರ ಜನವರಿಯಲ್ಲಿ ಪತ್ರಿಕಾ ತನಿಖೆಯಿಂದ ಬಯಲಾಯಿತು. ಕಂಪನಿ ಆ ಅಂಗಸಂಸ್ಥೆಯನ್ನು ಮುಚ್ಚಿತು. 2024ರ ಫೆಬ್ರುವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದಕ್ಕೆ 1.65 ಕೋಟಿ ಡಾಲರ್ ದಂಡ ವಿಧಿಸಿತು. ಕಳ್ಳನನ್ನು ನೋಡಿಕೊಳ್ಳೆಂದು ಇಟ್ಟ ಕಾವಲುಗಾರ ಮನೆಗೆ ಯಾರು ಬಂದರು, ಯಾರು ಹೋದರೆಂದು ಪಟ್ಟಿ ಮಾಡಿ ಮಾರಿದ ಹಾಗಾಯಿತು.

ಹಾಗಾದರೆ ಯಾವುದನ್ನು ಆರಿಸಬೇಕು?

ಈ ಪ್ರಶ್ನೆಯ ಉತ್ತರವನ್ನೇ ಬದಲಿಸಿದ ಘಟನೆ ನಡೆದದ್ದು 2009ರ ಸೆಪ್ಟೆಂಬರಿನಲ್ಲಿ. ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಬಳಸುವವರಿಗೆ ಆಂಟಿವೈರಸ್ಸನ್ನು ಪುಕ್ಕಟೆಯಾಗಿ ಕೊಡಲಾರಂಭಿಸಿತು. 2012ರಲ್ಲಿ ಬಂದ ವಿಂಡೋಸ್ 8ರಿಂದ ಅದು ಡಿಫೆಂಡರ್ ಎಂಬ ಹೆಸರಿನಲ್ಲಿ ಒಳಗೇ ಸೇರಿಕೊಂಡಿತು. ಮೊದಮೊದಲು ಅದರ ಸಾಧನೆ ಹೇಳಿಕೊಳ್ಳುವಂತಿರಲಿಲ್ಲ. 2012ರಲ್ಲಿ ಜರ್ಮನಿಯ ಎವಿ-ಟೆಸ್ಟ್ ಪ್ರಯೋಗಾಲಯದ ಪ್ರಮಾಣಪತ್ರವನ್ನೂ ಕಳೆದುಕೊಂಡಿತ್ತು. ಆಮೇಲೆ ಸುಧಾರಿಸಿತು. ಈಚಿನ ವರ್ಷಗಳಲ್ಲಿ ಅದೇ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಮೇಲಿನ ಸಾಲಿನಲ್ಲಿ ನಿಂತಿದೆ. ನನ್ನ ಅಭಿಪ್ರಾಯ ಕೇಳಿದರೆ, ವಿಂಡೋಸನ್ನು ಕ್ರಮವಾಗಿ ಅಪ್‌ಡೇಟ್ ಮಾಡುವ, ಕದ್ದ ತಂತ್ರಾಂಶ ಹಾಕಿಕೊಳ್ಳದ, ಫೈಲುಗಳ ಪ್ರತಿಯನ್ನು ಬೇರೆಡೆ ಇಟ್ಟಿರುವ ಒಂದು ಸಾಧಾರಣ ಮನೆಗೆ ಇದು ಸಾಕು. ಹಣ ಕೊಡಲೇಬೇಕಾದ ಅಗತ್ಯವಿಲ್ಲ.

ಅದಕ್ಕೆ ಒಪ್ಪದವರು, ಅಥವಾ ಮಕ್ಕಳ ಬಳಕೆಯ ನಿಯಂತ್ರಣದಂಥ ಹೆಚ್ಚಿನ ಸೌಲಭ್ಯ ಬೇಕೆನ್ನುವವರು ಹಣ ಕೊಟ್ಟು ಕೊಳ್ಳಬಹುದು. ಆಗ ಜಾಹೀರಾತು ಬಿಟ್ಟು ಪರೀಕ್ಷಾ ಫಲಿತಾಂಶ ನೋಡಿ. ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆಗಳು ವರ್ಷವಿಡೀ ಪರೀಕ್ಷೆ ನಡೆಸಿ ಫಲಿತಾಂಶವನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತವೆ. ಎವಿ-ಟೆಸ್ಟ್ ರಕ್ಷಣೆಗೆ 6, ಯಂತ್ರದ ವೇಗ ಕುಂದಿಸದಿರುವುದಕ್ಕೆ 6, ಒಳ್ಳೆಯ ಪ್ರೋಗ್ರಾಮನ್ನು ಕಳ್ಳನೆನ್ನದಿರುವುದಕ್ಕೆ 6, ಹೀಗೆ 18 ಅಂಕಗಳ ಲೆಕ್ಕ ಕೊಡುತ್ತದೆ. ಹಳೆಯ ಕಂಪ್ಯೂಟರ್ ಇರುವ ಮನೆಯವರು ಎರಡನೆಯ ಅಂಕವನ್ನೇ ಮೊದಲು ನೋಡಬೇಕು. ನಿಧಾನವಾಯಿತೆಂದು ಬೇಸತ್ತು ಕಾವಲನ್ನೇ ಮುಚ್ಚಿಹಾಕುವ ಮನೆಗಳು ಎಷ್ಟಿಲ್ಲ! ಒಂದೇ ಸಲದ ಫಲಿತಾಂಶವನ್ನು ನಂಬದೆ ಎರಡು ಮೂರು ಸುತ್ತಿನದನ್ನು ಹೋಲಿಸಿ. ಮೊದಲ ವರ್ಷದ ರಿಯಾಯಿತಿ ಬೆಲೆಗೂ ಎರಡನೆಯ ವರ್ಷದ ನವೀಕರಣ ಬೆಲೆಗೂ ಇರುವ ವ್ಯತ್ಯಾಸವನ್ನು ಅಪ್ಪನಿಗೆ ಮೊದಲೇ ತೋರಿಸುವುದು ಒಳ್ಳೆಯದು.

ಎರಡಿದ್ದರೆ ಇನ್ನೂ ಭದ್ರ ಎಂದು ಎರಡು ಆಂಟಿವೈರಸ್ ಹಾಕುವವರಿದ್ದಾರೆ. ಇಬ್ಬರೂ ಒಂದೇ ಫೈಲನ್ನು ಒಂದೇ ಕ್ಷಣಕ್ಕೆ ಹಿಡಿದೆಳೆಯುವುದರಿಂದ ಯಂತ್ರ ತೆವಳುತ್ತದೆ, ಒಬ್ಬರನ್ನೊಬ್ಬರು ಅನುಮಾನಿಸುವುದೂ ಉಂಟು. ಡಿಫೆಂಡರ್ ಮಾತ್ರ ಸಭ್ಯಸ್ಥ. ಬೇರೆ ಕಾವಲುಗಾರ ಬಂದರೆ ತಾನು ಹಿಂದೆ ಸರಿದು ನಿಲ್ಲುತ್ತದೆ. ಆಂಟಿವೈರಸ್ಸಿನದೇ ಕದ್ದ ಪ್ರತಿ ಹಾಕಿಕೊಳ್ಳುವ ಜಾಣರ ಬಗ್ಗೆ ಏನು ಹೇಳುವುದು? ಬೀಗವನ್ನು ಕಳ್ಳನಿಂದಲೇ ಕೊಂಡವರು ಅವರು. ಇನ್ನು 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದಿರುವ ವಿಂಡೋಸ್ 10ರಂಥ ಹಳೆಯ ವ್ಯವಸ್ಥೆಗೆ ಎಷ್ಟೇ ದುಬಾರಿ ಆಂಟಿವೈರಸ್ ಹಾಕಿದರೂ, ತೇಪೆ ಬಾರದ ಕಿಂಡಿಗಳು ಹಾಗೆಯೇ ಉಳಿಯುತ್ತವೆ.

ಈಗಾಗಲೇ ಸೋಂಕು ತಗುಲಿದೆ ಎಂಬ ಅನುಮಾನ ಇದ್ದವರಿಗೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವು 2017ರ ಫೆಬ್ರುವರಿಯಿಂದ ಶುಚಿಗೊಳಿಸುವ ಸಾಧನಗಳನ್ನು ಪುಕ್ಕಟೆಯಾಗಿ ಕೊಡುತ್ತಿದೆ. ಖಾತೆಯಿಂದ ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಹಾಕಿದ ಕಾವಲುಗಾರ ಎಚ್ಚರವಾಗಿದ್ದಾನೆಯೇ ಎಂದು ನೋಡಲು ಒಂದು ನಿರುಪದ್ರವಿ ಪ್ರಯೋಗವಿದೆ. ಐಕಾರ್ ಎಂಬ ಯುರೋಪಿನ ಸಂಸ್ಥೆ ಇದಕ್ಕಾಗಿಯೇ 68 ಅಕ್ಷರಗಳ ಒಂದು ಸಾಲನ್ನು ರೂಪಿಸಿದೆ. ಅದು ವೈರಸ್ ಅಲ್ಲ. ಆದರೆ ಅದನ್ನು ವೈರಸ್ಸಿನಂತೆಯೇ ಕಾಣಬೇಕೆಂದು ಆಂಟಿವೈರಸ್ ತಯಾರಕರೆಲ್ಲ ಒಪ್ಪಿಕೊಂಡಿದ್ದಾರೆ. ಐಕಾರ್ ಸಂಸ್ಥೆಯ ತಾಣದಿಂದ ಆ ಪುಟ್ಟ ಫೈಲನ್ನು ಇಳಿಸಿಕೊಳ್ಳಲು ಹೋದ ಕೂಡಲೇ ತಂತ್ರಾಂಶ ಕೂಗಿ ತಡೆಯಬೇಕು. ತಡೆಯದಿದ್ದರೆ ಅದನ್ನು ತೆರೆದು, ಚಂದಾ ಮುಗಿದಿದೆಯೇ, ಯಾರಾದರೂ ಮುಚ್ಚಿಟ್ಟಿದ್ದಾರೆಯೇ ಎಂದು ನೋಡಿ. ಕಾಲೇಜಿನ ಲ್ಯಾಬಿನಲ್ಲಿ ಮಾಡುವುದಾದರೆ ಮೇಷ್ಟರಿಗೆ ಮೊದಲೇ ಹೇಳಿ. ಕೂಗಿದ ಸದ್ದಿಗೆ ಅವರು ಗಾಬರಿಯಾಗುವುದು ಬೇಡ.